ಒಣ ಎಲೆಗೆ ಬೆಂಗಳೂರಿನಲ್ಲಿ ಜಾಗ ಯಾಕೆ ಸಿಗಲಿಲ್ಲ?

ಜನವರಿ ಬಂದರೆ ಬೆಂಗಳೂರಿನ ಬೀದಿಗಳಲ್ಲಿ ಎಲೆ ಉದುರಲು ಶುರು. ಹೊಂಗೆ, ಮಹಾಗನಿ, ಮಳೆಮರ, ಒಂದಾದ ಮೇಲೊಂದು. ಪೌರಕಾರ್ಮಿಕರು ಗುಡಿಸಿ ಗುಡ್ಡೆ ಹಾಕುತ್ತಾರೆ, ಒಯ್ಯಲು ಗಾಡಿ ಬರುವುದಿಲ್ಲ, ಕೊನೆಗೆ ಯಾರೋ ಕಡ್ಡಿ ಗೀರುತ್ತಾರೆ. ಗುಡಿಸಿದವರನ್ನು ಬೈಯುವುದು ಸುಲಭ, ಆದರೆ ಅವರು ಅದನ್ನು ಎಲ್ಲಿಗೆ ಒಯ್ಯಬೇಕಿತ್ತು?

ಗೊಬ್ಬರದ ವಿಷಯದಲ್ಲಿ ಈ ಊರಿಗೆ ಹಳೇ ಹೆಸರಿದೆ. 1939ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ಊರ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮಣ್ಣು ಮುಚ್ಚಿ ಗೊಬ್ಬರ ಮಾಡುವ ಕ್ರಮ ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಇವತ್ತಿಗೂ ಅದು ‘ಬೆಂಗಳೂರು ವಿಧಾನ’. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಬಂತು. ಆದರೆ ಕೂಡ್ಲು ಹತ್ತಿರದ ಅದರ ಘಟಕಕ್ಕೆ ಬೇರ್ಪಡಿಸದ ಕಸ ಬರತೊಡಗಿ, ಸುತ್ತ ಬಡಾವಣೆಗಳು ಬೆಳೆದಂತೆ ವಾಸನೆಗೆ ಜನ ರೊಚ್ಚಿಗೆದ್ದರು. ಊರ ಕಸ ಸುರಿಯುತ್ತಿದ್ದ ಜಾಗಗಳಲ್ಲಿ 2012ರಲ್ಲಿ ಮಾವಳ್ಳಿಪುರ ಮುಚ್ಚಿತು, 2014ರ ಕೊನೆಗೆ ಮಂಡೂರು. ಇಷ್ಟೆಲ್ಲ ಆದಮೇಲೆ ‘ಕಾಂಪೋಸ್ಟ್ ಘಟಕ’ ಅಂದರೆ ಜನ ಹೆದರದೆ ಇರುತ್ತಾರಾ?

2016ರ ಕೇಂದ್ರದ ಘನತ್ಯಾಜ್ಯ ನಿಯಮಗಳು ತೋಟದ ಕಸವನ್ನು ಬೇರೆಯಾಗಿಡಿ, ಸುಡಬೇಡಿ ಅಂದವು. ಅದೇ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಎಂದಿತು. ದಂಡ ಬಂತು, ಎಲೆಗೆ ಸಾಕಷ್ಟು ಜಾಗ ಬರಲಿಲ್ಲ. ಕೆಲವು ಪಾರ್ಕುಗಳಲ್ಲಿ ಜಾಲರಿ ತೊಟ್ಟಿಗಳಿವೆ, ಸೀಸನ್ನಿನ ರಾಶಿಗೆ ಅವು ಏನೇನೂ ಸಾಲವು.

ನಿಜ ಹೇಳಬೇಕೆಂದರೆ ಒಣ ಎಲೆ ಅಡುಗೆಮನೆ ಕಸದ ಹಾಗೆ ನಾರುವುದಿಲ್ಲ. ಅದರ ತೊಂದರೆಯೇ ಬೇರೆ: ತೂಕ ಕಮ್ಮಿ, ಗಾತ್ರ ಜಾಸ್ತಿ, ಇಂಗಾಲ ಹೆಚ್ಚಿರುವುದರಿಂದ ಸುಮ್ನೆ ಬಿಟ್ಟರೆ ಬೇಗ ಕೊಳೆಯುವುದೂ ಇಲ್ಲ. ಮೊದಲು ಪುಡಿ ಮಾಡಬೇಕು, ಸಗಣಿ ನೀರನ್ನೋ ಹಸಿ ಹುಲ್ಲನ್ನೋ ಬೆರೆಸಬೇಕು, ಆಗಾಗ ಮಗುಚಬೇಕು. ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಜಿನುಗುವಷ್ಟು ತೇವ ಸಾಕು. ಹದ ಸರಿಯಿದ್ದರೆ ರಾಶಿಯ ಒಳಗೆ 55 ಡಿಗ್ರಿ ದಾಟಿ ಬಿಸಿಯೇರುತ್ತದೆ, ಮಗುಚುವಾಗ ಹಬೆ ಏಳುತ್ತದೆ.

ಎಲೆ ಬರುವುದೂ ವರ್ಷವಿಡೀ ಅಲ್ಲ, ಹಾಗಾಗಿ ಎಲೆ ಗೊಬ್ಬರದ ಘಟಕದ ಲೆಕ್ಕವನ್ನು ವರ್ಷದ ಸರಾಸರಿ ಮೇಲೆ ಹಾಕಿದರೆ ಮೊದಲ ಸೀಸನ್ನಿನಲ್ಲೇ ತುಂಬಿಹೋಗುತ್ತದೆ, ಅಲ್ವಾ? ಮಾರ್ಚ್‌ವರೆಗೆ ಬರುವ ರಾಶಿಗೆ ಜಾಗ ಬೇಕು, ಬೇಸಿಗೆಯಲ್ಲಿ ನೀರು ಬೇಕು, ಜೂನ್ ಮಳೆಗೆ ಮುಚ್ಚಿಗೆ ಬೇಕು. ಈಗ ಊರಿಗೆ ಐದು ಪಾಲಿಕೆಗಳಿವೆ. ಪ್ರತಿಯೊಂದೂ ಎಲೆಗೆಂದೇ ಗಾಡಿ ಮೀಸಲಿಡಲಿ, ಪುಡಿ ಮಾಡುವ ಯಂತ್ರದ ಟೆಂಡರನ್ನು ಅಕ್ಟೋಬರ್‌ನಲ್ಲೇ ಮುಗಿಸಲಿ.