ಪದ ಪರಿಚಯ: ಸೆರೆಬ್ರಲ್ ಪಾಲ್ಸಿಯ ‘ರಿಸ್ಕ್ ಫ್ಯಾಕ್ಟರ್’

“ಹುಟ್ಟಿದ ಕೂಡಲೇ ಮಗು ಅತ್ತಿತಾ?”

ಕತ್ತು ನಿಲ್ಲದ, ಕಾಲು ಸೆಟೆದುಕೊಳ್ಳುವ ಮಗುವನ್ನು ಕರೆದೊಯ್ದರೆ ಡಾಕ್ಟರು ಮೊದಲು ಕೇಳುವುದರಲ್ಲಿ ಇದೂ ಒಂದು. ತಿಂಗಳು ತುಂಬಿತ್ತಾ, ತೂಕ ಎಷ್ಟಿತ್ತು, ಕಾಮಾಲೆ ಬಂದಿತ್ತಾ, ಫಿಟ್ಸ್ ಬಂದಿತ್ತಾ ಅಂತಲೂ ಕೇಳುತ್ತಾರೆ. ಅವರು ಹುಡುಕುತ್ತಿರುವುದು ರಿಸ್ಕ್ ಫ್ಯಾಕ್ಟರ್, ಅಂದರೆ ಅಪಾಯದ ಅಂಶ.

ಬೆಳೆಯುತ್ತಿರುವ ಮಿದುಳಿಗೆ ಹೊಟ್ಟೆಯಲ್ಲಿದ್ದಾಗಲೋ, ಹೆರಿಗೆಯಲ್ಲೋ, ಹುಟ್ಟಿದ ಹೊಸತರಲ್ಲೋ ಪೆಟ್ಟು ಬಿದ್ದು ಕೈಕಾಲಿನ ಹಿಡಿತ ತಪ್ಪುವುದೇ ಸೆರೆಬ್ರಲ್ ಪಾಲ್ಸಿ, ಚಿಕ್ಕದಾಗಿ ಸಿ.ಪಿ. ಅಪಾಯದ ಅಂಶ ಇದ್ದರೆ ಅದು ಬರುವ ಸಾಧ್ಯತೆ ಜಾಸ್ತಿ, ಅಷ್ಟೇ. ತಿಂಗಳು ತುಂಬದೆ ಹುಟ್ಟಿದ ಎಷ್ಟೋ ಮಕ್ಕಳು ಚೆನ್ನಾಗಿ ಓಡಾಡಿಕೊಂಡಿರುತ್ತಾರೆ. ಯಾವ ತೊಂದರೆಯೂ ಕಾಣದ ಹೆರಿಗೆಯ ಮಗುವಿಗೂ ಸಿ.ಪಿ. ಬಂದಿರಬಹುದು.

1862ರಲ್ಲಿ ಲಂಡನ್ನಿನ ಡಾಕ್ಟರ್ ವಿಲಿಯಂ ಜಾನ್ ಲಿಟಲ್ ಇದಕ್ಕೆ ಕಷ್ಟದ ಹೆರಿಗೆಯೇ ಕಾರಣ ಅಂದರು. 1897ರಲ್ಲಿ ವಿಯೆನ್ನಾದ ನರರೋಗದ ಡಾಕ್ಟರ್ ಸಿಗ್ಮಂಡ್ ಫ್ರಾಯ್ಡ್ ಬೇರೆ ಮಾತು ಹೇಳಿದರು: ಹೊಟ್ಟೆಯೊಳಗೇ ಏನೋ ಕೆಟ್ಟಿದ್ದರಿಂದ ಹೆರಿಗೆ ಕಷ್ಟವಾಗಿರಬಹುದಲ್ವಾ? ಇಬ್ಬರ ಮಾತಲ್ಲೂ ಸತ್ಯವಿದೆ. 32 ವಾರಕ್ಕೂ ಮುಂಚೆ ಹುಟ್ಟಿದರೆ ಮಿದುಳಿನ ರಕ್ತನಾಳಗಳು ಇನ್ನೂ ತೀರಾ ಎಳಸು. ಎರಡೂವರೆ ಕಿಲೋಗಿಂತ ಕಡಿಮೆ ತೂಕ, ಅವಳಿ ಮಕ್ಕಳು, ಬಸುರಿಯಲ್ಲಿ ರುಬೆಲ್ಲಾದಂಥ ಸೋಂಕು, ಹೆರಿಗೆಯಲ್ಲಿ ಉಸಿರು ಕಟ್ಟುವುದು, ಇವೆಲ್ಲ ಈ ಪಟ್ಟಿಯಲ್ಲಿವೆ.

ಇನ್ನು ಸಾಮಾಜಿಕ ಅಂಶಗಳು. ಬಡತನ ನೇರವಾಗಿ ಮಿದುಳಿಗೆ ಪೆಟ್ಟು ಕೊಡುವುದಿಲ್ಲ. ಆದರೆ ರಕ್ತ ಕಡಿಮೆ ಇರುವ ಹುಡುಗಿ ಬೇಗ ಬಸುರಾದರೆ, ನೋವು ಶುರುವಾದ ರಾತ್ರಿ ವಾಹನ ಸಿಗದಿದ್ದರೆ, ತಲುಪಿದ ಆಸ್ಪತ್ರೆಯಲ್ಲಿ ಉಸಿರಾಡದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯೇ ಇಲ್ಲದಿದ್ದರೆ, ಮಿದುಳಿಗೆ ಪೆಟ್ಟು ಬೀಳಲು ದಾರಿಯಾಗುತ್ತದೆ.

ಕಾಮಾಲೆಯನ್ನೇ ನೋಡಿ. ಹುಟ್ಟಿದ ಎಷ್ಟೋ ಮಕ್ಕಳಿಗೆ ಎರಡು ಮೂರನೇ ದಿನ ಸ್ವಲ್ಪ ಹಳದಿ ಬರುತ್ತದೆ, ತಾನಾಗೇ ಇಳಿಯುತ್ತದೆ. ಅಷ್ಟರಲ್ಲಿ ತಾಯಿ ಮಗು ಮನೆಗೆ ಬಂದಿರುತ್ತಾರೆ. ಬಾಣಂತಿ ಕೋಣೆ ಕತ್ತಲು. ಕಿಟಕಿ ಮುಚ್ಚಿದೆ, ಒಂದು ಸಣ್ಣ ಬಲ್ಬು, ಮಗುವಿಗೆ ಕುಲಾವಿ, ಮೈತುಂಬ ಬಟ್ಟೆ. ಹಳದಿ ಹೊಟ್ಟೆ ದಾಟಿ ಅಂಗಾಲಿಗೆ ಇಳಿದರೂ ಯಾರಿಗೂ ಕಾಣುವುದಿಲ್ಲ. ಮಗು ಮಂಕಾಗಿ ಹಾಲು ಬಿಟ್ಟಾಗ “ಪಾಪ, ನಿದ್ದೆ ಮಾಡ್ಲಿ” ಅನ್ನುತ್ತಾರೆ. ಹಳದಿಯ ಅಂಶ ರಕ್ತದಲ್ಲಿ ಮಿತಿಮೀರಿ ಮಿದುಳು ಸೇರಿದರೆ ಹಿಂದಕ್ಕೆ ತರಲಾಗದು. ಆ ಮಗುವಿನ ಕೈಕಾಲು ತಾನಾಗೇ ತಿರುಚಿಕೊಳ್ಳುತ್ತವೆ, ಕಿವಿಯೂ ಮಂದವಾಗಬಹುದು. ಸಮಯಕ್ಕೆ ಸರಿಯಾಗಿ ಆಸ್ಪತ್ರೆಯ ನೀಲಿ ಬೆಳಕಿನ ಕೆಳಗೆ ಮಲಗಿಸಿದ್ದರೆ ಇದನ್ನು ತಪ್ಪಿಸಬಹುದಿತ್ತು. ಹಗಲು ಬೆಳಕಿಗೆ ತಂದು ಹಣೆಯ ಚರ್ಮವನ್ನು ಮೆಲ್ಲಗೆ ಒತ್ತಿ ಬಿಟ್ಟು ನೋಡಿ, ಬಣ್ಣ ಗೊತ್ತಾಗುತ್ತದೆ. ಬಿಸಿಲಿಗೆ ಹಿಡಿದರೆ ಸಾಕು ಅಂತ ಮಾತ್ರ ಕಾಯಬೇಡಿ.

ನನಗೆ ತುಂಬಾ ನೋವಾಗುವುದು ‘ರಿಸ್ಕ್ ಫ್ಯಾಕ್ಟರ್’ ಅನ್ನುವ ಈ ಪದ ಮನೆಯೊಳಗೆ ಬಂದಾಗ. ‘ಗ್ರಹಣದಲ್ಲಿ ಹೊರಗೆ ಬಂದಳು’, ‘ಮೆಟ್ಟಿಲು ಹತ್ತಿದಳು’ ಅಂತ ತಾಯಿಯ ಮೇಲೆಯೇ ಹೊರಿಸುತ್ತಾರೆ. ಇವೆರಡೂ ಯಾವ ಪಟ್ಟಿಯಲ್ಲೂ ಇಲ್ಲ. ಡಾಕ್ಟರು ಪ್ರಶ್ನೆ ಕೇಳುವುದು ಮುಂದಿನ ದಾರಿ ಹುಡುಕಲು. ಆದ್ದರಿಂದ ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಎಷ್ಟು ವಾರಕ್ಕೆ ಹುಟ್ಟಿತು, ತೂಕ ಎಷ್ಟು, ಅತ್ತಿತೋ ಇಲ್ಲವೋ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗಬಹುದು.