ಕ್ಲಬ್‌ನಲ್ಲೇ ಬೆಳೆದ ಹುಡುಗನನ್ನೇ ಮೊದಲು ಮಾರುವುದು ಯಾಕೆ?

ಪ್ರಶ್ನೆ: ಫುಟ್‌ಬಾಲ್ ಕ್ಲಬ್‌ನ ಮಾಲೀಕರ ಹತ್ತಿರ ಬೇಕಾದಷ್ಟು ದುಡ್ಡಿದೆ. ಆದರೂ ಚಿಕ್ಕಂದಿನಿಂದ ಕ್ಲಬ್‌ನಲ್ಲೇ ಬೆಳೆದ, ಅಭಿಮಾನಿಗಳಿಗೆಲ್ಲ ಇಷ್ಟವಾದ ಹುಡುಗನನ್ನು ಬೇರೆ ಕ್ಲಬ್‌ಗೆ ಮಾರುತ್ತಾರೆ. ಬೆಂಚ್ ಮೇಲೆ ಸುಮ್ನೆ ಕೂತಿರುವ ದುಬಾರಿ ಆಟಗಾರನನ್ನು ಮಾರಬಹುದಲ್ವಾ?

ಮಾರಬಹುದು. ಆದರೆ ಲೆಕ್ಕದಲ್ಲಿ ಅದರಿಂದ ಹೆಚ್ಚೇನೂ ಗಿಟ್ಟುವುದಿಲ್ಲ.

ಒಬ್ಬ ಆಟಗಾರನನ್ನು 5 ಕೋಟಿ ಪೌಂಡ್ ಕೊಟ್ಟು, 5 ವರ್ಷದ ಒಪ್ಪಂದಕ್ಕೆ ಕರೆತಂದರು ಅಂದುಕೊಳ್ಳಿ. ಆ ಖರ್ಚನ್ನು ಕ್ಲಬ್ ಒಂದೇ ಸಲ ಬರೆಯುವುದಿಲ್ಲ. ವರ್ಷಕ್ಕೆ 1 ಕೋಟಿಯಂತೆ ಹಂಚಿ ಬರೆಯುತ್ತದೆ. ಎರಡು ವರ್ಷ ಕಳೆದ ಮೇಲೂ ಅವನ ಹೆಸರಲ್ಲಿ ಇನ್ನೂ ಖರ್ಚು ಬರೆಯದ 3 ಕೋಟಿ ಉಳಿದಿರುತ್ತದೆ. ಆಗ 3.5 ಕೋಟಿಗೆ ಮಾರಿದರೆ ಲಾಭ ಬರೀ 50 ಲಕ್ಷ. ಅಕಾಡೆಮಿ ಹುಡುಗನಿಗೆ, ಅಂದರೆ ಕ್ಲಬ್ ತನ್ನದೇ ತರಬೇತಿ ಶಾಲೆಯಲ್ಲಿ ಬೆಳೆಸಿದವನಿಗೆ, ಖರೀದಿ ಬೆಲೆಯೇ ಇಲ್ಲ. ಅವನನ್ನು ಅದೇ 3.5 ಕೋಟಿಗೆ ಮಾರಿದರೆ ಅಷ್ಟೂ ಲಾಭ, ಅದೂ ಅದೇ ವರ್ಷದ ಲೆಕ್ಕದಲ್ಲಿ.

ಮಾಲೀಕರು ಶ್ರೀಮಂತರಲ್ವಾ, ನಷ್ಟ ತುಂಬಿಕೊಡಲಿ ಅಂತ ನೀವು ಕೇಳಬಹುದು. ಅದಕ್ಕೂ ಮಿತಿ ಇದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2013ರಲ್ಲಿ ತಂದ ನಿಯಮದಲ್ಲಿ, ಮೂರು ವರ್ಷ ಸೇರಿ 10.5 ಕೋಟಿ ಪೌಂಡ್‌ಗಿಂತ ಜಾಸ್ತಿ ನಷ್ಟ ತೋರಿಸುವಂತಿರಲಿಲ್ಲ. ಮಾಲೀಕನ ಜೇಬು ಎಷ್ಟೇ ದೊಡ್ಡದಿದ್ದರೂ ಅಷ್ಟೇ.

ಆ ಲೀಗ್‌ನ ನ್ಯೂಕ್ಯಾಸಲ್ ಕ್ಲಬ್ ನೋಡಿ. 2021ರ ಅಕ್ಟೋಬರ್‌ನಲ್ಲಿ ಸೌದಿ ಸರ್ಕಾರದ ಹೂಡಿಕೆ ನಿಧಿಯ ಮುಂದಾಳತ್ವದ ಗುಂಪು ಅದನ್ನು ಕೊಂಡಿತು. ಇನ್ನು ಬೇಕಾದವರನ್ನೆಲ್ಲ ತರುತ್ತಾರೆ ಅಂತ ಅಭಿಮಾನಿಗಳು ಬೀದಿಯಲ್ಲಿ ಕುಣಿದರು. 2024ರ ಜೂನ್ ಕೊನೆಗೆ, ಲೆಕ್ಕದ ವರ್ಷ ಮುಗಿಯುವ ಹೊತ್ತಿಗೆ, ತಮ್ಮದೇ ಅಕಾಡೆಮಿಯ ಎಲಿಯಟ್ ಆ್ಯಂಡರ್ಸನ್‌ನನ್ನು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್‌ಗೆ ಮಾರಬೇಕಾಯಿತು. ಅದೇ ಸಮಯಕ್ಕೆ ಫಾರೆಸ್ಟ್‌ನ ಗೋಲ್‌ಕೀಪರ್ ವ್ಲಾಖೋಡಿಮೋಸ್ ನ್ಯೂಕ್ಯಾಸಲ್‌ಗೆ ಬಂದರು. ಮುಂದಿನ ಸೀಸನ್‌ನಲ್ಲಿ ಅವರು ಲೀಗ್‌ನ ಒಂದು ಪಂದ್ಯವನ್ನೂ ಆಡಲಿಲ್ಲ. ಈ ವ್ಯವಹಾರ ಫುಟ್‌ಬಾಲ್‌ಗಾಗಿ ನಡೆದಿದ್ದಾ, ಲೆಕ್ಕಕ್ಕಾಗಿ ನಡೆದಿದ್ದಾ ಅಂತ ನೀವೇ ಹೇಳಿ.

ಮಾರದೆ ಕಾದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ಫಾರೆಸ್ಟ್ ಉದಾಹರಣೆ. ಬ್ರೆನನ್ ಜಾನ್ಸನ್ ನಾಟಿಂಗ್‌ಹ್ಯಾಮ್‌ನಲ್ಲೇ ಹುಟ್ಟಿದ ಹುಡುಗ. ತಂದೆಯೂ ಅದೇ ಕ್ಲಬ್‌ಗೆ ಆಡಿದವರು. 2023ರ ಜೂನ್ 30ರೊಳಗೆ ಮಾರಿದ್ದರೆ ಲೆಕ್ಕಕ್ಕೆ ದೊಡ್ಡ ಆಸರೆ ಸಿಗುತ್ತಿತ್ತು. ಒಳ್ಳೆ ಬೆಲೆ ಬರಲಿ ಅಂತ ಕ್ಲಬ್ ಕಾಯಿತು. ಸೆಪ್ಟೆಂಬರ್ 1ರಂದು ಟಾಟನ್‌ಹ್ಯಾಮ್ ಕ್ಲಬ್‌ನಿಂದ ಸುಮಾರು 4.75 ಕೋಟಿ ಪೌಂಡ್ ಬಂತು. ಬೆಲೆ ಒಳ್ಳೆಯದೇ, ಆದರೆ ಅದು ಬಿದ್ದದ್ದು ಮುಂದಿನ ವರ್ಷದ ಲೆಕ್ಕಕ್ಕೆ. ಹಳೆಯ ಲೆಕ್ಕ ಮಿತಿ ಮೀರಿತ್ತು. 2024ರ ಮಾರ್ಚ್‌ನಲ್ಲಿ ಶಿಕ್ಷೆಯಾಗಿ ಲೀಗ್ ಪಟ್ಟಿಯಲ್ಲಿ 4 ಅಂಕ ಕಡಿತ. ಹುಡುಗನೂ ಹೋದ, ಅಂಕವೂ ಹೋಯಿತು.

ಹಾಗಂತ ಕ್ಲಬ್‌ಗಳು ಪಾಪದವು ಅಂತ ನಾನು ಹೇಳುವುದಿಲ್ಲ. ಮೊದಲು ಯದ್ವಾತದ್ವಾ ಕೊಂಡವರು ಇವರೇ. ಆ ಕೊಳ್ಳಾಟದ ಸಾಲ ತೀರಿಸುವುದು ಮಾತ್ರ ಅಕಾಡೆಮಿ ಹುಡುಗ. ಇನ್ನೊಂದು ತೊಂದರೆ ಇದೆ. 3.5 ಕೋಟಿ ಲಾಭ ಒಂದೇ ವರ್ಷಕ್ಕೆ. ಅದನ್ನು ನಂಬಿ ಹೊಸದಾಗಿ ಕೊಂಡ ಆಟಗಾರರ ಕಂತು ಮುಂದಿನ ವರ್ಷವೂ ಇರುತ್ತದೆ, ಅದರ ಮುಂದಿನ ವರ್ಷವೂ ಇರುತ್ತದೆ. ಆಗ ಮಾರಲು ಇನ್ನೊಬ್ಬ ಹುಡುಗ ಬೇಕು.

ನಿಮ್ಮ ಕ್ಲಬ್‌ನಲ್ಲಿ ಮುಂದಿನ ಸರದಿ ಯಾರದು ಅಂತ ಊಹಿಸುವುದು ಅಷ್ಟೇನೂ ಕಷ್ಟವಲ್ಲ. ಅಕಾಡೆಮಿಯಿಂದ ಬಂದವನು ಯಾರು, ಅವನ ಒಪ್ಪಂದ ಇನ್ನೆಷ್ಟು ಉಳಿದಿದೆ, ಇವೆರಡನ್ನು ನೋಡಿ. ಒಪ್ಪಂದ ಮುಗಿದ ಮೇಲೆ ಮಾರಲು ಆಗುವುದಿಲ್ಲ, ಅದಕ್ಕೇ ಕೊನೆಯ ವರ್ಷದವನ ಮೇಲೆ ಕಣ್ಣು. ಚೆಲ್ಸಿ ಕ್ಲಬ್‌ನಿಂದ ಅದರದೇ ಅಕಾಡೆಮಿಯ ಮೇಸನ್ ಮೌಂಟ್ 2023ರಲ್ಲಿ, ಕಾನರ್ ಗ್ಯಾಲಹರ್ 2024ರಲ್ಲಿ ಹೊರಟಾಗ ಇಬ್ಬರ ಒಪ್ಪಂದವೂ ಕೊನೆಯ ವರ್ಷದಲ್ಲಿತ್ತು.