ಕೂಡುರಸ್ತೆ, ಸಿಗ್ನಲ್ ಮತ್ತು ಇಳಿಜಾರಿನ ಹಳದಿ ದೀಪ

ಎರಡೂ ದಿಕ್ಕಿನ ಸಂಚಾರವಿರುವ ನಾಲ್ಕು ರಸ್ತೆಗಳು ಒಂದೆಡೆ ಸೇರಿದರೆ ವಾಹನಗಳ ಹಾದಿಗಳು 32 ಕಡೆ ಪರಸ್ಪರ ತಾಕುತ್ತವೆ: ಅಡ್ಡ ಹಾಯುವ ಜಾಗ 16, ಕೂಡಿಕೊಳ್ಳುವ ಜಾಗ 8, ಅಗಲುವ ಜಾಗ 8. ಇವೇ ಸಂಘರ್ಷ ಬಿಂದುಗಳು. ಮೂರು ರಸ್ತೆ ಸೇರುವಲ್ಲಿ ಇವು 9 ಮಾತ್ರ. ವಿದ್ಯಾರ್ಥಿಗಳೇ, ದಯವಿಟ್ಟು ಬಾಯಿಪಾಠ ಮಾಡಬೇಡಿ, ಹಾಳೆಯ ಮೇಲೆ ಗೆರೆ ಎಳೆದು ಎಣಿಸಿ. ಅಡ್ಡ ಹಾಯುವ 16ರಲ್ಲಿ 12 ಬಲತಿರುವಿನಿಂದಲೇ ಹುಟ್ಟುತ್ತವೆ ಎಂಬುದು ಆಗ ತಾನಾಗಿ ಕಾಣುತ್ತದೆ.

ಸಿಗ್ನಲ್ ರಸ್ತೆಯನ್ನು ಅಗಲ ಮಾಡುವುದಿಲ್ಲ; ಒಂದೇ ಜಾಗವನ್ನು ಸರದಿಯ ಮೇಲೆ ಹಂಚುತ್ತದೆ. ಎದುರುಬದುರಿನ ರಸ್ತೆಗಳಿಗೆ ಒಟ್ಟಿಗೆ ಹಸಿರು ಕೊಡುವ ಎರಡು ಸರದಿಯ ಸಿಗ್ನಲ್‌ನಲ್ಲಿ ಬಲಕ್ಕೆ ತಿರುಗುವವರಿಗೆ ಎದುರಿನ ವಾಹನಗಳ ಅಡ್ಡಿ ಉಳಿದೇ ಇರುತ್ತದೆ. ಅವರಿಗೆ ಪ್ರತ್ಯೇಕ ಸರದಿ ಕೊಡಬಹುದು, ಆದರೆ ಪ್ರತಿ ಸರದಿ ಬದಲಾಗುವಾಗಲೂ ಹೊರಡುವ ತಡ ಮತ್ತು ಖಾಲಿಯಾಗುವ ತಡ ಸೇರಿ ಸುಮಾರು 4 ಸೆಕೆಂಡು ಯಾರಿಗೂ ದಕ್ಕುವುದಿಲ್ಲ. ಎಲ್ಲ ಸರದಿಗಳೂ ಒಮ್ಮೆ ಮುಗಿಯುವ ಕಾಲವನ್ನು, ಅಂದರೆ ಆವರ್ತವನ್ನು, ಹೇಳುವ 1958ರ ವೆಬ್‌ಸ್ಟರ್ ಸೂತ್ರ ಇದನ್ನೇ ಲೆಕ್ಕಕ್ಕೆ ತರುತ್ತದೆ: ಒಟ್ಟು ನಷ್ಟ ಸಮಯದ ಒಂದೂವರೆ ಪಟ್ಟಿಗೆ 5 ಕೂಡಿಸಿ, ಒಂದರಿಂದ ದಟ್ಟಣೆಯ ಅನುಪಾತಗಳ (ಪ್ರತಿ ಸರದಿಯಲ್ಲಿ ಬರುವ ವಾಹನಗಳನ್ನು, ಹಸಿರು ಸತತವಾಗಿದ್ದರೆ ದಾಟಬಲ್ಲ ವಾಹನಗಳಿಂದ ಭಾಗಿಸಿದ್ದು) ಮೊತ್ತವನ್ನು ಕಳೆದು ಬಂದದ್ದರಿಂದ ಭಾಗಿಸಬೇಕು. ಆ ಮೊತ್ತ 0.5 ಎಂದಿಟ್ಟುಕೊಳ್ಳಿ. ಎರಡು ಸರದಿಗೆ ನಷ್ಟ 8, ಆವರ್ತ 34 ಸೆಕೆಂಡು. ನಾಲ್ಕು ಸರದಿಗೆ ನಷ್ಟ 16; ಅನುಪಾತಗಳ ಮೊತ್ತ ಹೆಚ್ಚದೇ ಉಳಿದರೂ ಆವರ್ತ 58 ಸೆಕೆಂಡು.

ನಮ್ಮ ಕೊಡಗು ಜಿಲ್ಲೆಯವರು ನಿಧಾನವಾಗಿ ಓದಬೇಕಾದ ಭಾಗ ಹಳದಿ ದೀಪದ್ದು. ಅದರ ಅವಧಿ ಎಂದರೆ ಚಾಲಕ ಗಮನಿಸಿ ಪ್ರತಿಕ್ರಿಯಿಸುವ 1 ಸೆಕೆಂಡು, ಅದಕ್ಕೆ, ವಾಹನದ ವೇಗವನ್ನು ಬ್ರೇಕಿನ ದರದ (ಬ್ರೇಕ್ ಪ್ರತಿ ಸೆಕೆಂಡಿಗೆ ತಗ್ಗಿಸುವ ವೇಗದ) ಎರಡು ಪಟ್ಟಿನಿಂದ ಭಾಗಿಸಿ ಬಂದದ್ದನ್ನು ಕೂಡಿಸಿದ ಮೊತ್ತ. ಗಂಟೆಗೆ 45 ಕಿಲೋಮೀಟರ್ ಎಂದರೆ ಸೆಕೆಂಡಿಗೆ 12.5 ಮೀಟರ್. ಸಮತಟ್ಟಿನಲ್ಲಿ ದರ 3 ಇದ್ದರೆ, ಅಂದರೆ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 3 ಮೀಟರಿನಂತೆ ತಗ್ಗಿದರೆ, ಹಳದಿ 3.1 ಸೆಕೆಂಡು ಸಾಕು. ಅದೇ ರಸ್ತೆ ಶೇಕಡಾ 6ರಷ್ಟು ಇಳಿಜಾರಾದರೆ ಗುರುತ್ವ ಬ್ರೇಕಿನ ಬಲವನ್ನು ತಿನ್ನುತ್ತದೆ, 3.6 ಬೇಕು. ಮಳೆಗೆ ಅದೇ ಇಳಿಜಾರು ನೆನೆದು, ಸಮತಟ್ಟಿನ ಲೆಕ್ಕದ ದರವೇ 3ರಿಂದ 2.5ಕ್ಕೆ ಇಳಿದರೆ 4.3. ಬಯಲುಸೀಮೆಯ ನಗರದ 3 ಸೆಕೆಂಡನ್ನು ಹಾಗೆಯೇ ತಂದು ಮಡಿಕೇರಿಯ ಇಳಿಜಾರಿನಲ್ಲಿ ಇಟ್ಟರೆ, ಜೂನ್–ಜುಲೈನ ಮಳೆಯಲ್ಲಿ ಚಾಲಕ ನಿಲ್ಲಲೂ ಆಗದೆ ದಾಟಲೂ ಆಗದೆ ಸಿಕ್ಕಿಬೀಳುತ್ತಾನೆ. ಇದು ಚಾಲಕನ ತಪ್ಪಲ್ಲ, ಲೆಕ್ಕ ಹಾಕಿದವರ ತಪ್ಪು.

ಹೀಗಿರುವಾಗ ವೃತ್ತದ, ಅಂದರೆ ವಾಹನಗಳು ನಡುವಿನ ದಿಬ್ಬವನ್ನು ಸುತ್ತಿ ಹೋಗುವ ಕೂಡುರಸ್ತೆಯ, ಪಾಠವನ್ನು ಹಗುರವಾಗಿ ಕಾಣಬೇಡಿ. ಒಂದೇ ಪಥದ, ನಾಲ್ಕು ರಸ್ತೆಗಳ ಸರಿಯಾದ ವೃತ್ತದಲ್ಲಿ ಸಂಘರ್ಷ ಬಿಂದುಗಳು 8. ಅಡ್ಡ ಹಾಯುವುದು ಒಂದೂ ಇಲ್ಲ. ಒಳಗೆ ಸುತ್ತುತ್ತಿರುವ ವಾಹನ ನಮ್ಮ ಬಲದಿಂದ ಬರುತ್ತದೆ, ಅದಕ್ಕೆ ದಾರಿ ಬಿಟ್ಟು ಒಳಸೇರಬೇಕು. ಮಂಜು ಕವಿದಾಗಲೂ ಎಲ್ಲರೂ ನಿಧಾನಿಸುವಂತೆ ವೃತ್ತದ ಆಕಾರವೇ ಮಾಡುತ್ತದೆ. ನಮ್ಮ ಸಣ್ಣ ಪೇಟೆಗಳ ಕೂಡುರಸ್ತೆಗೆ, ಜಾಗವಿದ್ದರೆ, ನಾನು ಮೊದಲು ಆರಿಸುವುದು ಇದನ್ನೇ.

ವೃತ್ತ ಸೋಲುವುದು ಒಂದು ಕಡೆಯ ಹರಿವು ಉಳಿದವನ್ನು ಮುಚ್ಚಿಹಾಕಿದಾಗ. ರಜೆಯ ದಿನ ಪ್ರವಾಸಿಗರ ಕಾರುಗಳು ಒಂದೇ ದಿಕ್ಕಿನಿಂದ ಸಾಲುಗಟ್ಟಿದರೆ, ಪಕ್ಕದ ರಸ್ತೆಯ ಬಸ್ಸಿಗೆ ಒಳಸೇರುವ ಸಂದೇ ಸಿಗದು. ಅಲ್ಲಿ ಸಿಗ್ನಲ್ ಪ್ರತಿ ರಸ್ತೆಗೂ ಸರದಿಯನ್ನು ಖಚಿತಪಡಿಸುತ್ತದೆ. ಆದ್ದರಿಂದ ಪ್ರಾಜೆಕ್ಟಿಗೆ ವಾಹನ ಎಣಿಸುವವರು ವಾರದ ಮಧ್ಯದ ಒಂದು ದಿನಕ್ಕೆ ನಿಲ್ಲಿಸದೆ ಶನಿವಾರ, ಭಾನುವಾರಗಳನ್ನು ಬೇರೆಯಾಗಿ ಎಣಿಸಿ, ಎರಡು ಕೋಷ್ಟಕಗಳನ್ನೂ ವರದಿಯಲ್ಲಿ ಕೊಡಿ.